ಕೆಂಪುಕಲ್ಲಿನ ಗೋಡೆ, ಹಲಗೆ ಮೆತ್ತು, ಎರಡು ಮೆಶ್ ಡಬ್ಬಿ: ಒಂದು ಮಲೆನಾಡ ಮನೆಯ ವೈ-ಫೈ ಪ್ರಕರಣ

ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಸಾಗರ ತಾಲ್ಲೂಕಿನ ಒಂದು ಹಳ್ಳಿಮನೆ ಅಂದರೆ ಸಾಕು. ನನ್ನದು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ. ಈ ಮನೆಯವರು ದೂರದ ನೆಂಟರು. ಪೇಟೆಯ ಫ್ಲ್ಯಾಟಿಗೆ ಹೇಳುವ ವೈ-ಫೈ ಸಲಹೆಗಳು ನಮ್ಮ ಕಡೆಯ ಹಳೇ ಮನೆಗಳಿಗೆ ಹೊಂದುವುದಿಲ್ಲ. ಹಾಗಾಗಿ ಇದೊಂದನ್ನು ಖರ್ಚು ಸಮೇತ, ಎಡವಿದ್ದನ್ನೂ ಸೇರಿಸಿ ಬರೆದಿಡಬೇಕು ಅನ್ನಿಸಿತು.

ಮನೆ ಹೇಗಿದೆ

ಮನೆಗೆ ನೂರು ವರ್ಷ ದಾಟಿದೆ. ಮುಂದೆ ಜಗಲಿ, ಆಮೇಲೆ ನಡುಮನೆ, ದೇವರಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಎಲ್ಲ ಒಂದರ ಹಿಂದೆ ಒಂದು. ಮುಂದಿನ ಬಾಗಿಲಿಂದ ಹಿತ್ತಿಲ ಬಾಗಿಲಿಗೆ 80 ಅಡಿ. ಗೋಡೆಗಳೆಲ್ಲ ಕೆಂಪುಕಲ್ಲಿನವು, ಒಂದೂವರೆ ಅಡಿ ದಪ್ಪ. ಮೇಲೆ ಹಲಗೆ ಹಾಸಿದ ಮೆತ್ತು, ಅಂದರೆ ಮಹಡಿ, ಅದರ ಮೇಲೆ ಹಂಚಿನ ಮಾಡು. ಅಂಗಳ ದಾಟಿ ಸುಮಾರು 130 ಅಡಿ ಆಚೆ ಅಡಿಕೆ ಸುಲಿಯುವ ಶೆಡ್ಡು.

ಮನೆಯಲ್ಲಿ ಅಜ್ಜ, ಅಜ್ಜಿ, ತೋಟ ನೋಡಿಕೊಳ್ಳುವ ಮಗ, ಬೆಂಗಳೂರಿನ ಕಂಪನಿಯೊಂದಕ್ಕೆ ಇಲ್ಲಿಂದಲೇ ಲೆಕ್ಕಪತ್ರದ ಕೆಲಸ ಮಾಡುವ ಸೊಸೆ. ಇಂಜಿನಿಯರಿಂಗ್ ಓದುವ ಮೊಮ್ಮಗ ರಜೆಗೆ ಮಾತ್ರ ಬರುತ್ತಾನೆ. ಸೊಸೆ ಕೆಲಸಕ್ಕೆ ಕೂರುವುದು ಮೆತ್ತಿನ ಹಿಂಬದಿಯ ಕೋಣೆಯಲ್ಲಿ.

ಫೈಬರ್ ಬಂದದ್ದು 2021ರಲ್ಲಿ, 100 ಎಂಬಿಪಿಎಸ್ ಪ್ಲ್ಯಾನ್. ಹಾಕಲು ಬಂದ ಹುಡುಗರು ಕಂಬಕ್ಕೆ ಹತ್ತಿರ ಅಂತ ಜಗಲಿಯ ಗೋಡೆಗೇ ಒಎನ್‌ಟಿ ಹೊಡೆದು ಹೋದರು. ಒಎನ್‌ಟಿ ಅಂದರೆ ಫೈಬರ್ ಬಂದು ಸೇರುವ ಡಬ್ಬಿ. ವೈ-ಫೈ ಕೂಡ ಅದರಿಂದಲೇ ಬರುತ್ತಿತ್ತು.

ಈ ಮನೆಯಲ್ಲಿ ವೈ-ಫೈ ಅಂದರೆ ಬರೀ ಇಂಟರ್ನೆಟ್ ಅಲ್ಲ. ಮನೆಯೊಳಗೆ ಮೊಬೈಲ್ ನೆಟ್‌ವರ್ಕ್ ಇಲ್ಲವೇ ಇಲ್ಲ. ಸಿಗಬೇಕೆಂದರೆ ಗುಡ್ಡದ ತಿರುವಿನವರೆಗೆ ನಡೆಯಬೇಕು. 2019ರ ಕೊನೆಗೆ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೊ ವೈ-ಫೈ ಕಾಲಿಂಗ್, ಅಂದರೆ ಟವರಿನ ಬದಲು ವೈ-ಫೈ ಮೇಲೆಯೇ ಫೋನ್ ಮಾತು, ಶುರು ಮಾಡಿದ ಮೇಲೆ ಇಂಥ ಮನೆಗಳಿಗೆ ಫೋನ್ ನಿಜವಾಗಿ ಬಂದಂತಾಯಿತು. ಅದೂ ವೈ-ಫೈ ಮುಟ್ಟುವಲ್ಲಿ ಮಾತ್ರ. ಅಜ್ಜನಿಗೆ ಫೋನು ಬಂದರೆ ಜಗಲಿಯಲ್ಲಿ ಕೂತೇ ಮಾತಾಡಬೇಕು. ಎದ್ದು ಅಡುಗೆಮನೆಗೆ ಹೋಗಿ ಅಜ್ಜಿಗೆ ಕೊಡೋಣ ಅಂದರೆ ದೇವರಕೋಣೆ ದಾಟುವಷ್ಟರಲ್ಲಿ ಕಾಲ್ ಕಟ್.

ನಾನು ಮೊದಲ ಸಲ ಹೋದಾಗ ಅಜ್ಜ ಹೇಳಿದ್ದು ಇಷ್ಟೇ: "ತಮ್ಮಾ, ನಂಗೆ ಸ್ಪೀಡ್ ಗೀಡ್ ಏನೂ ಬೇಡ. ಮಾತು ಮಧ್ಯೆ ತುಂಡಾಗಬಾರದು, ಅಷ್ಟೆ."

ಮುಂದೆ ಎರಡು ದಾರಿ ಕಂಡಲ್ಲೆಲ್ಲ ನಾವು ಈ ಮಾತನ್ನೇ ನೆನೆಸಿಕೊಂಡು ಆರಿಸಿದೆವು.

ಮೊದಲು ಮಾಡಿದ್ದು

ನನ್ನನ್ನು ಕರೆಯುವ ಮೊದಲೇ ಮಗ ಒಂದು ಎಕ್ಸ್‌ಟೆಂಡರ್ ತಂದಿದ್ದರು, 1,400 ರೂಪಾಯಿ ಕೊಟ್ಟು. ಅದನ್ನು ಹಾಕಿದ್ದು ಎಲ್ಲಿ? ಸಿಗ್ನಲ್ ಬರದ ಸೊಸೆಯ ಕೋಣೆಯಲ್ಲೇ. ಎಲ್ಲರೂ ಹೀಗೇ ಮಾಡುತ್ತಾರೆ, ಅದು ಸಹಜ ಕೂಡ. ಆದರೆ ಎಕ್ಸ್‌ಟೆಂಡರ್ ತನಗೆ ಕೇಳಿಸಿದ್ದನ್ನೇ ಮತ್ತೆ ಕೂಗಿ ಹೇಳುವ ಯಂತ್ರ. ಅದಕ್ಕೇ ಸರಿಯಾಗಿ ಕೇಳಿಸದ ಜಾಗದಲ್ಲಿ ಇಟ್ಟರೆ ಅದೇನು ಹೇಳೀತು? ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತಿತ್ತು, ಇಂಟರ್ನೆಟ್ ಮಾತ್ರ ಬರುತ್ತಿರಲಿಲ್ಲ. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ತಿರುಗಿ ಕಳಿಸುವುದರಿಂದ ಬಂದಷ್ಟು ವೇಗದಲ್ಲೂ ಅರ್ಧ ಅಲ್ಲೇ ಹೋಗುತ್ತದೆ. ಜೊತೆಗೆ ಅದರ ವೈ-ಫೈ ಹೆಸರು ಬೇರೆ. ಮನೆಯೊಳಗೆ ಓಡಾಡುವಾಗ ಫೋನು ಒಂದನ್ನು ಪೂರ್ತಿ ಬಿಟ್ಟು ಇನ್ನೊಂದಕ್ಕೆ ಸೇರಬೇಕು. ಅಜ್ಜನ ತೊಂದರೆ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಪೇಟೆಯ ಅಂಗಡಿಯವರೊಬ್ಬರು ಮೂರು ಡಬ್ಬಿಯ ಟ್ರೈ-ಬ್ಯಾಂಡ್ ಮೆಶ್ ಸೆಟ್ಟಿಗೆ 22,000 ರೂಪಾಯಿ ಹೇಳಿದ್ದರು. ಮಗ ಹೆಚ್ಚುಕಡಿಮೆ ಒಪ್ಪಿಯೂ ಬಿಟ್ಟಿದ್ದರು. ಸೊಸೆಗೆ ಸಮಾಧಾನ ಇರಲಿಲ್ಲ. "ಇಷ್ಟು ದುಡ್ಡು ಹಾಕಿ ಅದೂ ಎಕ್ಸ್‌ಟೆಂಡರ್ ಥರಾನೇ ಆದ್ರೆ ಏನ್ ಮಾಡೋದು ಭಾವ?" ಅಂತ ಫೋನ್ ಮಾಡಿದ್ದು ಆಗ.

ಅವರ ಅನುಮಾನ ಸರಿಯೇ ಇತ್ತು. ಮೆಶ್ ಅಂದರೆ ಹಲವು ಡಬ್ಬಿಗಳು ಒಂದೇ ಹೆಸರಲ್ಲಿ, ಒಂದೇ ಲೆಕ್ಕದಲ್ಲಿ ಕೆಲಸ ಮಾಡುವುದು. ಆದರೆ ಡಬ್ಬಿಯಿಂದ ಡಬ್ಬಿಗೆ ಗಾಳಿಯಲ್ಲೇ ಮಾತಾಗಬೇಕೆಂದರೆ ಆ ಮಾತೂ ಇದೇ ಕೆಂಪುಕಲ್ಲನ್ನು ದಾಟಬೇಕು. ಜಾಸ್ತಿ ಬೆಲೆಯ ಡಬ್ಬಿಗೆ ಗೋಡೆ ದಾರಿ ಬಿಡುವುದಿಲ್ಲ.

ಕ್ಯಾಲೆಂಡರ್ ಹಿಂದಿನ ಲೆಕ್ಕ

ಅದು 2023ರ ಫೆಬ್ರುವರಿ. ಅಡಿಕೆ ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಬಿಡುವಿತ್ತು. ಏನನ್ನೂ ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಬರೀ ಅಳೆಯುವುದಕ್ಕೇ ಇಟ್ಟೆವು. ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ ಸಿಗುವ ವೈ-ಫೈ ಅನಲೈಸರ್ ಆ್ಯಪ್ ಸಾಕು. ಅದು ಸಿಗ್ನಲನ್ನು ಡಿಬಿಎಂ ಅಂತ ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 10 ಅಂಕಿ ಕೆಳಗಿಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಯಿತು ಅಂತ ಲೆಕ್ಕ. ಫೋನ್ ಮಾತು ಚೆನ್ನಾಗಿ ನಡೆಯಲು ಮೈನಸ್ 67ರ ಒಳಗಿದ್ದರೆ ಒಳ್ಳೆಯದು. ಮೈನಸ್ 80 ದಾಟಿದರೆ ಆಸೆ ಬಿಡಬೇಕು.

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಯ ನಕ್ಷೆ ಬರೆದೆವು. ಮೊಮ್ಮಗ ಫೋನ್ ಹಿಡಿದು ನಡೆದ, ಸೊಸೆ ಬರೆದುಕೊಂಡರು. ಜಗಲಿ ಮೈನಸ್ 38. ನಡುಮನೆ 63. ಅಡುಗೆಮನೆ 79. ಮೆತ್ತಿನ ಹಿಂಬದಿ ಕೋಣೆ 84. ಒಎನ್‌ಟಿಯಿಂದ ಎರಡು ಬಗೆಯ ವೈ-ಫೈ ಅಲೆ ಬರುತ್ತಿತ್ತು, ಇದು ಅದರಲ್ಲಿ 2.4 ಗಿಗಾಹರ್ಟ್ಸ್ ಕಥೆ. ಗೋಡೆಗೆ ಇನ್ನೂ ಬೇಗ ಸೋಲುವ 5 ಗಿಗಾಹರ್ಟ್ಸ್ ನಡುಮನೆ ದಾಟಿ ಕಾಣಿಸಲೇ ಇಲ್ಲ.

ಒಎನ್‌ಟಿಯನ್ನು ಕಿತ್ತು ಬೇರೆ ಕಡೆ ಇಟ್ಟು ನೋಡುವ ಹಾಗಿರಲಿಲ್ಲ. ಆಗ ಹೊಳೆದದ್ದು ಮೊಬೈಲ್ ಹಾಟ್‌ಸ್ಪಾಟ್. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿಟ್ಟರೆ ಅದೇ ಸುಳ್ಳು ರೂಟರ್. ಇಂಟರ್ನೆಟ್ ಬರಬೇಕೆಂದೇನಿಲ್ಲ, ಅಲೆ ಹೊರಟರೆ ಸಾಕು. ಇನ್ನೊಂದು ಫೋನಿನಲ್ಲಿ ಅಳೆಯುತ್ತಾ ಹೋಗಬಹುದು. ಡಬ್ಬಿ ಕೊಳ್ಳುವ ಮೊದಲೇ ಡಬ್ಬಿಯ ಜಾಗ ಹುಡುಕಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಹಾಟ್‌ಸ್ಪಾಟ್ ಫೋನನ್ನು ನಡುಮನೆಯ ಮೇಜಿನ ಮೇಲಿಟ್ಟೆವು. ಪಕ್ಕದ ಗೋಡೆಯಾಚೆ ಮೈನಸ್ 72. ಅದೇ ಫೋನನ್ನು ಮೆತ್ತಿಗೆ ಒಯ್ದು, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಹಲಗೆಯ ಮೇಲಿಟ್ಟೆವು. ಕೆಳಗೆ ನಿಂತು ಅಳೆದರೆ ಮೈನಸ್ 54! ಮೊಮ್ಮಗ ನಂಬಲಿಲ್ಲ. ಮೂರು ಸಲ ಹತ್ತಿ ಇಳಿದ. ಅಂಕಿ ಅಷ್ಟೇ.

ಅಲ್ಲಿಗೆ ನಮ್ಮ ಯೋಚನೆ ತಿರುಗಿತು. ಅಲ್ಲಿಯವರೆಗೆ ಎಲ್ಲರೂ ಮುಂದಿನಿಂದ ಹಿಂದಕ್ಕೆ, ಗೋಡೆ ಗೋಡೆ ದಾಟಿಸುವ ಲೆಕ್ಕದಲ್ಲೇ ಇದ್ದೆವು. ಈ ಮನೆಯಲ್ಲಿ ಸಿಗ್ನಲಿಗೆ ಸಲೀಸಾದ ದಾರಿ ಮೇಲಿನಿಂದ ಕೆಳಕ್ಕೆ. ಒಣಗಿದ ಹಲಗೆ ಅದನ್ನು ಬಿಟ್ಟುಕೊಡುತ್ತದೆ, ಕೆಂಪುಕಲ್ಲು ಹೀರುತ್ತದೆ. ಡಬ್ಬಿಗಳೆರಡೂ ಮೆತ್ತಿನ ಮೇಲೇ ಇರಲಿ ಅಂತ ನಿರ್ಧಾರವಾಯಿತು. ಒಂದು ನಡುಮನೆಯ ನೆತ್ತಿಗೆ, ಇನ್ನೊಂದು ಅಡುಗೆಮನೆಯ ನೆತ್ತಿಗೆ. ಮೂರನೆಯದು ಬೇಕಾಗಲೇ ಇಲ್ಲ.

ಯಾವುದನ್ನು ಕೊಳ್ಳುವುದು

ಮೊಮ್ಮಗನ ಮನಸ್ಸು ಓಪನ್‌ಡಬ್ಲ್ಯುಆರ್‌ಟಿ ಕಡೆಗಿತ್ತು. 2004ರಲ್ಲಿ ಶುರುವಾದ, ರೂಟರಿಗೆ ಹಾಕುವ ಪುಕ್ಕಟೆ ಲಿನಕ್ಸ್ ತಂತ್ರಾಂಶ ಅದು. ಹಳೇ ರೂಟರುಗಳಿಗೆ ಅದನ್ನು ಹಾಕಿ, 802.11ಎಸ್ ಅನ್ನುವ ಮೆಶ್ ವ್ಯವಸ್ಥೆ ಕಟ್ಟಬಹುದು. ಖರ್ಚು ಎಲ್ಲಕ್ಕಿಂತ ಕಡಿಮೆ. ಹುಡುಗನಿಗೆ ಬರುತ್ತಿತ್ತು ಕೂಡ. ನಾನೇ ಬೇಡ ಅಂದೆ. ಅವನು ಕಾಲೇಜಿಗೆ ಹೋದ ಮೇಲೆ ಏನಾದರೂ ಕೆಟ್ಟರೆ ಮನೆಯಲ್ಲಿ ಸರಿಮಾಡುವವರಿಲ್ಲ. ಒಂದು ದಿನ ವೈ-ಫೈ ಇಲ್ಲ ಅಂದರೆ ಅಜ್ಜ ಅಜ್ಜಿಗೆ ಫೋನೇ ಇಲ್ಲ. ಅವನಿಗೆ ಸ್ವಲ್ಪ ಬೇಜಾರಾಯಿತು, ಆಮೇಲೆ ಒಪ್ಪಿದ.

ಬೇರೆ ಬೇರೆ ಕಂಪನಿಯ ಡಬ್ಬಿ ಬೆರೆಸುವ ಯೋಚನೆಯನ್ನೂ ಬಿಟ್ಟೆವು. ಅದಕ್ಕಂತಲೇ 2018ರಲ್ಲಿ ವೈ-ಫೈ ಅಲಯನ್ಸ್ ಈಸಿಮೆಶ್ ಅನ್ನುವ ಪದ್ಧತಿ ತಂದಿದೆ. ಆದರೆ ಡಬ್ಬಿಯ ಮೇಲೆ 'ಮೆಶ್' ಅಂತ ಬರೆದದ್ದೆಲ್ಲ ಈಸಿಮೆಶ್ ಅಲ್ಲ, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆ ಅನ್ನುವ ಭರವಸೆ ಇಲ್ಲ. ಒಂದೇ ಕಂಪನಿಯ ಎರಡು ಡಬ್ಬಿಯ ಸಾದಾ ಡ್ಯುಯಲ್-ಬ್ಯಾಂಡ್ (ಎರಡು ರೇಡಿಯೊದ) ಸೆಟ್ಟು ತಂದೆವು. ಆಗ ನಾವು ಕೊಟ್ಟದ್ದು 6,300. ಟ್ರೈ-ಬ್ಯಾಂಡಿನ ಮೂರನೇ ರೇಡಿಯೊ ಇರುವುದು ಡಬ್ಬಿಗಳು ತಮ್ಮತಮ್ಮಲ್ಲಿ ಮಾತಾಡಲಿಕ್ಕೆ. ಆ ಕೆಲಸಕ್ಕೆ ನಾವು ತಂತಿಯನ್ನೇ ಎಳೆಯುವವರಿದ್ದೆವು.

ತಂತಿ ಎಳೆದ ದಿನ

ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ 35 ಮೀಟರ್, 900 ರೂಪಾಯಿ. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿಯ ಕೇಬಲ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ನೋಡಲು ಒಂದೇ ಥರ. ಚಾಕುವಿನಿಂದ ತಂತಿಯನ್ನು ಒಂಚೂರು ಹೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಬೇಡ. ಬಗ್ಗಿಸಿದರೆ ಬೇಗ ಮುರಿಯುತ್ತದೆ ಅದು. ಮೆತ್ತಿನಲ್ಲಿ ಇಲಿ ಓಡಾಟ ಇದ್ದದ್ದರಿಂದ ಕೇಬಲನ್ನು ಪಿವಿಸಿ ಪೈಪಿನೊಳಗೆ ಹಾಕಿ ತೊಲೆಯ ಪಕ್ಕಕ್ಕೆ ಕಟ್ಟಿದೆವು. ಒಎನ್‌ಟಿಯಿಂದ ಮೊದಲ ಡಬ್ಬಿ, ಅಲ್ಲಿಂದ ಎರಡನೆಯದು.

ಎಲ್ಲ ಜೋಡಿಸಿದ ಮೇಲೆ ಎರಡನೇ ಡಬ್ಬಿಯ ಲಿಂಕ್ 1000ದ ಬದಲು 100 ಅಂತ ತೋರಿಸಿತು. ಪ್ಲ್ಯಾನೇ 100 ಎಂಬಿಪಿಎಸ್, ಹಾಗೇ ಬಿಟ್ಟರೂ ನಡೆಯುತ್ತಿತ್ತು. ಮಗನೂ ಅದನ್ನೇ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. 100ಕ್ಕೆ ಎರಡು ಜೋಡಿ ತಂತಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಅಂದರೆ ಎಲ್ಲೋ ಒಂದು ತಂತಿ ಕೂತಿಲ್ಲ. ಇವತ್ತು ಒಂದು ಕೂತಿಲ್ಲ ಅಂದರೆ, ಕ್ರಿಂಪ್ (ಪ್ಲಗ್ಗನ್ನು ತಂತಿಗೆ ಒತ್ತಿ ಕೂರಿಸಿದ್ದು) ಸಡಿಲ ಇದ್ದರೆ, ನಾಳೆ ಇನ್ನೊಂದು ಬಿಡುತ್ತದೆ.

ಆರ್‌ಜೆ45 ಪ್ಲಗ್, ಅಂದರೆ ಕೇಬಲಿನ ತುದಿಯ ಪ್ಲಗ್, ಗಾಜಿನ ಹಾಗೆ ಪಾರದರ್ಶಕ. ಟಾರ್ಚ್ ಹಿಡಿದು ಒಂದೊಂದೇ ನೋಡಿದೆವು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಣ್ಣದ ಸಾಲು ಸರಿಯಿತ್ತು. ಕೊನೆಯ ಕಂದು ತಂತಿ ಮಾತ್ರ ಪ್ಲಗ್ಗಿನ ತುದಿ ಮುಟ್ಟಿರಲಿಲ್ಲ, ಒಂದು ಅಕ್ಕಿಕಾಳಿನಷ್ಟು ಹಿಂದೆ ನಿಂತಿತ್ತು. ಅದರ ಮೇಲಿನ ಹಿತ್ತಾಳೆ ಹಲ್ಲು ಗಾಳಿಯನ್ನೇ ಕಚ್ಚಿತ್ತು. ಕತ್ತರಿಸಿ, ಎಂಟನ್ನೂ ಒಂದೇ ಸಮ ಮಾಡಿ, ಹೊಸ ಪ್ಲಗ್ ಹಾಕಿ ಒತ್ತಿದೆವು. 1000 ಬಂತು.

ಒಎನ್‌ಟಿಯೇ ರೂಟರ್ ಕೆಲಸ ಮಾಡುತ್ತಿದ್ದುದರಿಂದ ಮೆಶ್ ಡಬ್ಬಿಗಳನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದೆವು, ಅಂದರೆ ಅವು ಬರೀ ವೈ-ಫೈ ಹರಡುತ್ತವೆ. ಇಲ್ಲವಾದರೆ ಒಂದರ ಹಿಂದೆ ಒಂದು ಎರಡು ರೂಟರ್ ಕೂತು, ಎರಡೂ ಐಪಿ ವಿಳಾಸ ಹಂಚಲು ಶುರು ಮಾಡುತ್ತವೆ. ಸುಮ್ನೆ ತಲೆನೋವು.

ಎಲ್ಲ ಸರಿಯಾಯಿತು ಅಂದುಕೊಂಡ ಮೇಲೆ

ಅಂಕಿಗಳು ಚೆನ್ನಾಗಿದ್ದವು. ಅಡುಗೆಮನೆ ಮೈನಸ್ 56, ಸೊಸೆಯ ಕೋಣೆ 45, ಬಚ್ಚಲ ಬಾಗಿಲು 66, ಜಗಲಿ 60. ಸೊಸೆಯ ವಿಡಿಯೊ ಮೀಟಿಂಗು ಆವತ್ತಿನಿಂದಲೇ ನೆಟ್ಟಗಾಯಿತು. ಆದರೆ ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಆ ಅಜ್ಜನ ಫೋನು ಮಾತ್ರ ದೇವರಕೋಣೆ ಹತ್ತಿರ ಕಟ್ ಆಗುವುದು ನಿಲ್ಲಲಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಒಎನ್‌ಟಿಯ ಹಳೇ ವೈ-ಫೈ ಇನ್ನೂ ಚಾಲೂ ಇತ್ತು. ಫೋನಿಗೆ ಅದರ ಹೆಸರು ನೆನಪಿತ್ತು. ಜಗಲಿಯಲ್ಲಿ ಅದಕ್ಕೇ ಸೇರಿಕೊಂಡು, ಒಳಗೆ ಬಂದರೂ ಅದನ್ನೇ ಅಂಟಿಕೊಂಡಿರುತ್ತಿತ್ತು. ಯಾವ ಡಬ್ಬಿಗೆ ಯಾವಾಗ ಹಾರಬೇಕು ಅಂತ ಕೊನೆಗೆ ನಿರ್ಧಾರ ಮಾಡುವುದು ಫೋನು. ಮೆಶ್ ಬರೀ ಸಲಹೆ ಕೊಡುತ್ತದೆ. ಒಎನ್‌ಟಿಯ ವೈ-ಫೈ ಬಂದ್ ಮಾಡಿದೆವು.

ಆಗ ಇನ್ನೊಂದು ಕಾಟ ಶುರುವಾಯಿತು. ಅಜ್ಜನ ಹಳೇ ಫೋನು ಮೆಶ್‌ಗೆ ಸೇರಲೇ ಒಲ್ಲದು. ಉಳಿದವರದ್ದೆಲ್ಲ ಸರಿ. ಇದಕ್ಕೆ ಕಾರಣ 'ಫಾಸ್ಟ್ ರೋಮಿಂಗ್' ಅನ್ನುವ ಆಯ್ಕೆ, ಅಂದರೆ 802.11ಆರ್. ಡಬ್ಬಿಯಿಂದ ಡಬ್ಬಿಗೆ ಬೇಗ ದಾಟಿಸಲು ಮಾಡಿದ್ದೇ ಅದು. ಆದರೆ ಕೆಲವು ಹಳೇ ಫೋನುಗಳಿಗೆ ಅದು ಅರ್ಥವಾಗುವುದಿಲ್ಲ. ಆ ಆಯ್ಕೆ ತೆಗೆದೆವು. ದಾಟುವಾಗ ಕಣ್ಣು ಮಿಟುಕಿಸುವಷ್ಟು ತಡವರಿಸಿದರೂ ಕಾಲ್ ಉಳಿಯಿತು. ಅಜ್ಜ ಜಗಲಿಯಿಂದ ಅಡುಗೆಮನೆಗೆ ಮಾತಾಡುತ್ತಲೇ ನಡೆದು ಬಂದು ಅಜ್ಜಿಯ ಕೈಗೆ ಫೋನ್ ಕೊಟ್ಟರು. ಅಜ್ಜಿ ಒಲೆಯ ಮುಂದೆ ಕೂತೇ ಮಗಳ ಜೊತೆ ಮಾತಾಡಿದರು. ನಾನಲ್ಲಿ ಸುಮ್ಮನೆ ನಿಂತಿದ್ದೆ. ಇಂಥ ಕೆಲಸ ಬಹಳ ಮಾಡಿದ್ದೇನೆ, ಅಷ್ಟು ಖುಷಿ ಬೇರೆಲ್ಲೂ ಆಗಿಲ್ಲ.

ಅಡಿಕೆ ಶೆಡ್ಡು ಮತ್ತು ಸಿಡಿಲು

ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೆ ಶೆಡ್ಡಿನಲ್ಲಿ ಕೆಲಸ ಇರುತ್ತದೆ. ಅಲ್ಲಿಗೂ ಫೋನ್ ಬೇಕು. ದೂರ 40 ಮೀಟರ್. ಈ ಥರದ ಕೇಬಲ್ 100 ಮೀಟರ್‌ವರೆಗೆ ಓಡುತ್ತದೆ, ಹಾಗಾಗಿ ಮಗ ಅದನ್ನೇ ಅಂಗಳದ ಮೇಲೆ ಎಳೆದುಬಿಡೋಣ ಅಂದರು. ಇಲ್ಲಿ ನಾನು ಗಟ್ಟಿಯಾಗಿ ಬೇಡ ಅಂದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರದ ತಂತಿ ಹಾಕಿದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಅದರಲ್ಲಿ ಹರಿಯುವ ವಿದ್ಯುತ್ ಎರಡೂ ಕಡೆಯ ಡಬ್ಬಿಗಳನ್ನು ಸುಡುತ್ತದೆ. ತಂತಿ ಮುಟ್ಟಿಕೊಂಡಿದ್ದವರಿಗೂ ಅಪಾಯ.

ಅದರ ಬದಲು ಫೈಬರ್ ಹಾಕಿದೆವು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಊರಿನ ಕೇಬಲ್ ಟಿವಿಯವರ ಹತ್ತಿರ ಫೈಬರೂ ಇತ್ತು, ಎಳೆ ಬೆಸೆಯುವ ಯಂತ್ರವೂ ಇತ್ತು. ಎಲ್ಲ ಸೇರಿ 1,000 ರೂಪಾಯಿ ತೆಗೆದುಕೊಂಡರು. ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನೂ ಮಾಮೂಲಿ ಕೇಬಲನ್ನೂ ಜೋಡಿಸುವ ಡಬ್ಬಿ, ಜೋಡಿಗೆ 1,500. ಒಂದೇ ಎಳೆಯಲ್ಲಿ ಕಳಿಸುವುದು, ಪಡೆಯುವುದು ಎರಡೂ ಆಗಬೇಕಾದ್ದರಿಂದ ಒಂದು ಎ, ಇನ್ನೊಂದು ಬಿ ಇರಬೇಕು. ಎರಡೂ ಎ ತಂದರೆ ಕೆಲಸ ಮಾಡುವುದಿಲ್ಲ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಂಬದಿಂದ ಕಂಬಕ್ಕೆ ಎಳೆಯುವ ಫೈಬರಿಗೆ ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿರುತ್ತಾರೆ. ಗಾಜು ಕರೆಂಟು ಒಯ್ಯದಿದ್ದರೂ ಉಕ್ಕು ಒಯ್ಯುತ್ತದೆ. ಆ ತಂತಿಯನ್ನು ಹೊರಗಿನ ಗೋಡೆಯ ಹುಕ್ಕಿನಲ್ಲೇ ನಿಲ್ಲಿಸಿ ಕತ್ತರಿಸಿ, ಬರೀ ಎಳೆಯನ್ನು ಒಳಗೆ ತಂದೆವು.

ಶೆಡ್ಡಿನಲ್ಲಿ ವೈ-ಫೈ ಕೊಡುವುದು ಅದೇ ಹಳೇ ಎಕ್ಸ್‌ಟೆಂಡರ್. ಅದಕ್ಕೆ ಕೇಬಲ್ ಜಾಗ ಇತ್ತು, ಆ್ಯಕ್ಸೆಸ್ ಪಾಯಿಂಟ್ ಮೋಡೂ ಇತ್ತು. ಮನೆಯ ಹೆಸರು, ಪಾಸ್‌ವರ್ಡನ್ನೇ ಕೊಟ್ಟೆವು. ಅಂಗಳ ದಾಟುವಾಗ ಕಾಲ್ ಕಟ್ ಆಗುತ್ತದೆ ನಿಜ, ಅದು ಮೆಶ್‌ನ ಭಾಗವಲ್ಲ. ಶೆಡ್ಡು ತಲುಪಿದ ಮೇಲೆ ಮತ್ತೆ ಮಾಡಿದರಾಯಿತು ಅಂತ ಮನೆಯವರು ಒಪ್ಪಿಕೊಂಡಿದ್ದಾರೆ.

ಪೈಪು, ಕ್ಲಿಪ್ಪು, ಪ್ಲಗ್ಗಿಗೆ 450 ಆಯಿತು. ಕೊನೆಗೆ ಒಎನ್‌ಟಿಗೆ, ಮೊದಲ ಮೆಶ್ ಡಬ್ಬಿಗೆ ಒಂದೊಂದು 12 ವೋಲ್ಟಿನ ಮಿನಿ ಯುಪಿಎಸ್, ಎರಡಕ್ಕೆ 2,700. ತರುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಳ್ಳಬೇಕು. ಒಟ್ಟು 12,850. ಮೊದಲೇ ಕೊಟ್ಟಿದ್ದ ಎಕ್ಸ್‌ಟೆಂಡರಿನ 1,400 ಇದರಲ್ಲಿ ಸೇರಿಲ್ಲ.

ಜುಲೈನಲ್ಲಿ, ಜಡಿಮಳೆ ಹಿಡಿದಾಗ ಮತ್ತೊಮ್ಮೆ ಅಳೆದೆವು. ಗೋಡೆಗಳು ನೀರು ಕುಡಿದಿದ್ದವು. ಗೋಡೆ ದಾಟಿ ಬರುವ ಕಡೆ 4-5 ಅಂಕಿ ಇಳಿದಿತ್ತು. ಬಚ್ಚಲ ಬಾಗಿಲಲ್ಲಿ ಮೈನಸ್ 71 ಆಗಿ ಮಾತು ಅಲ್ಲಲ್ಲಿ ಒಡೆಯುತ್ತಿತ್ತು. ಹಲಗೆಯ ಕೆಳಗೆ ಮಾತ್ರ ಏನೂ ವ್ಯತ್ಯಾಸ ಇರಲಿಲ್ಲ. ಬೇಸಿಗೆಯಲ್ಲಿ ಅಳೆಯುವವರು ಇಷ್ಟನ್ನು ಕಳೆದು ಲೆಕ್ಕ ಹಾಕಬೇಕು.

ಮಿನಿ ಯುಪಿಎಸ್‌ನ ನಿಜವಾದ ಉಪಯೋಗ ನನಗೆ ಗೊತ್ತಾದದ್ದು ಅಜ್ಜಿಯಿಂದ. ನಾನು ತಂದದ್ದು ಕರೆಂಟು ಹೋದಾಗ ಇರಲಿ ಅಂತ. ಈ ಮನೆಯಲ್ಲಿ ಗುಡುಗು ಶುರುವಾದರೆ ಅಜ್ಜಿ ಎಲ್ಲ ಪ್ಲಗ್ ಕೀಳಿಸುತ್ತಾರೆ. ಮೊದಲಾದರೆ ವೈ-ಫೈಯೂ ಆರುತ್ತಿತ್ತು, ಅದರ ಜೊತೆ ಫೋನೂ. ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಸಂಜೆ ನಾನು ಅಲ್ಲೇ ಇದ್ದೆ. ದೊಡ್ಡ ಗುಡುಗು ಬಂತು. ಅಜ್ಜಿ ಅಡುಗೆಮನೆಯಿಂದಲೇ "ಪ್ಲಗ್ ತೆಗೀರೋ" ಅಂದರು. ಮಗ ಜಗಲಿಯದ್ದನ್ನು ಕಿತ್ತರು, ಸೊಸೆ ಮೆತ್ತಿನದ್ದೆರಡನ್ನೂ ಕಿತ್ತರು. ಗೋಡೆಯ ಕರೆಂಟಿಗೂ ಒಎನ್‌ಟಿಗೂ ಈಗ ಸಂಬಂಧವಿಲ್ಲ. ಹೊರಗಿನಿಂದ ಬರುವುದು ಗಾಜಿನ ಎಳೆ ಮಾತ್ರ. ಎರಡನೇ ಡಬ್ಬಿ ಆರಿತು. ಒಎನ್‌ಟಿ, ಮೊದಲ ಡಬ್ಬಿ ಬ್ಯಾಟರಿಯ ಮೇಲೆ ಉಳಿದವು. ಕತ್ತಲೆಯ ಜಗಲಿಯಲ್ಲಿ ಒಎನ್‌ಟಿಯ ಹಸಿರು ದೀಪವೊಂದೇ ಕಾಣುತ್ತಿತ್ತು. ಹತ್ತು ನಿಮಿಷಕ್ಕೆ ಅಜ್ಜನ ಫೋನ್ ರಿಂಗಾಯಿತು. ಬೆಂಗಳೂರಿನಿಂದ ಮಗಳು.

"ಹೂಂ, ಮಳೆ ಬರ್ತಾ ಇದೆ. ಇಲ್ಲ ಇಲ್ಲ, ಎಲ್ಲ ತೆಗ್ದಿದ್ದೇವೆ. ನೀನು ಹೇಳು."